ಗಂಡಿಗೆ ಅಡುಗೆ ಪುಸ್ತಕ

ಪುಸ್ತಕ ಉಡುಗೊರೆ ಕೊಡುವಾಗ ನಾನು ಯಾರ ಮುಲಾಜೂ ನೋಡುವುದಿಲ್ಲ, ಓದುವವರ ರುಚಿ ನೋಡುತ್ತೇನೆ. ಎಪ್ಪತ್ತರ ದಶಕದಲ್ಲಿ, ಹಿರಿಯೂರಿನಲ್ಲಿ ನರ್ಸ್ ಆಗಿದ್ದಾಗ, ತಂಗಿ ಗೌರಿಯ ಮದುವೆಗೆಂದು ಹೊಸದುರ್ಗಕ್ಕೆ ಹೋದೆ. ಗಂಡು ನಮ್ಮ ಸೋದರಮಾವನ ಮಗ ರಂಗ, ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದವನು.

ಯಾರು ಏನು ಮುಯ್ಯಿ ಮಾಡಿದರೆಂದು ಆಗ ಮದುವೆಯಲ್ಲೇ ಮೈಕಿನಲ್ಲಿ ಕೂಗುತ್ತಿದ್ದರು. ಎಲ್ಲರೂ ಸ್ಟೀಲ್ ಬಿಂದಿಗೆ ಹಿಡಿದು ನಿಂತಿದ್ದರೆ ನಾನು ಎರಡು ಪುಸ್ತಕ ಕೊಟ್ಟೆ. ಗೌರಿಗೆ ಪತ್ತೇದಾರಿ ಕಾದಂಬರಿ, ರಂಗನಿಗೆ ಅಡುಗೆ ಪುಸ್ತಕ.

ಮೈಕ್ ಹಿಡಿದಿದ್ದ ಯಜಮಾನರು ಗಂಡಿನ ತಾಯಿ ಕಡೆಯವರು, ನನಗೆ ಗುರುತಿಲ್ಲ. ಪುಸ್ತಕ ತಿರುಗಿಸಿ ನೋಡಿ, "ಹೆಣ್ಣಿನ ಅಕ್ಕನಿಂದ ಹೆಣ್ಣಿಗೆ ಅಡುಗೆ ಪುಸ್ತಕ, ಗಂಡಿಗೆ ಪತ್ತೇದಾರಿ!" ಎಂದು ಕೂಗಿಬಿಟ್ಟರು.

"ಅದಲುಬದಲು ಆಯ್ತು, ಸರಿಯಾಗಿ ಕೂಗ್ರಿ" ಅಂದೆ.

"ನಾನೇ ಸರಿ ಮಾಡೀನಿ ಕಣಮ್ಮ. ಗಂಡಿಗೆ ಅಡುಗೆ ಪುಸ್ತಕ ಅಂತ ಕೂಗಿದ್ರೆ ನಮ್ಮ ಮಾನ ಉಳೀತೈತಾ?"

ಮೈಕ್ ಕಸಿದುಕೊಂಡೆ. "ರಂಗ ಕ್ವಾರ್ಟರ್ಸ್‌ನಾಗೆ ಒಬ್ಬನೇ ಬೇಯಿಸ್ಕಂಡು ಅಡುಗೆ ರುಚಿ ಹತ್ತಿಸ್ಕಂಡಾನೆ. ನಮ್ಮ ಗೌರಿ ಕೊಲೆ ಕಥೆ ಹಿಡಿದ್ರೆ ಒಲೆ ಮೇಲೆ ಸಾರು ಉಕ್ಕಿದ್ದೂ ಗೊತ್ತಾಗಲ್ಲ. ಅಡುಗೆ ಪುಸ್ತಕ ಗಂಡಿಗೇ!"

ಬಾಸಿಂಗ ಕಟ್ಟಿಕೊಂಡೇ ರಂಗ ಎದ್ದು ಬಂದ. "ಅತ್ತಿಗೆ, ಇತ್ತ ಕೊಡು" ಎಂದು ಅಡುಗೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡ.

ಯಜಮಾನರು ಆಮೇಲೆ ನನ್ನ ಜೊತೆ ಮಾತಾಡಲೇ ಇಲ್ಲ. ಬೇಡ ಬಿಡಿ. ಆ ಮನೆಯಲ್ಲಿ ಈಗಲೂ ಬಡಿಸುವವನು ರಂಗನೇ. ಗೌರಿ ಪುಸ್ತಕದಿಂದ ತಲೆ ಕೂಡ ಎತ್ತದೆ, "ಉಪ್ಪು ಕಮ್ಮಿ ಐತೆ" ಅನ್ನುತ್ತಾಳೆ.