ಅರ್ಧ ಕಂಡ ಎಲೆ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಬೆಳ್ಳಗಿದ್ದದ್ದನ್ನು ನಾನು ಎಂದೂ ನೋಡಲಿಲ್ಲ. ಮದುವೆ ಮನೆಗೆ ಹೊರಟಾಗ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಅದರ ಅಂಚಿನಲ್ಲಿ ಕಪ್ಪುಹಸಿರು ಗೆರೆಯೊಂದು ಉಳಿದೇ ಇರುತ್ತಿತ್ತು. ಆ ಉಗುರಿನಿಂದ ಅವರು ವೀಳ್ಯದೆಲೆಯ ಉದ್ದ ತೊಟ್ಟನ್ನು ಚಿವುಟಿ ಸರಿಮಾಡುತ್ತಿದ್ದರು. ಆಮೇಲೆ ಅದೇ ಹೆಬ್ಬೆರಳನ್ನು ಎಲೆಯ ಅಂಚಿನಗುಂಟ ಒಂದು ಸುತ್ತು ಓಡಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, ಒಳ್ಳೆಯದಾದರೆ ಬಲಕ್ಕೆ, ಹರಕಾದರೆ ಎಡಕ್ಕೆ ಇಡುತ್ತಿದ್ದರು.

ನಮ್ಮದು ಸವಣೂರಿನಲ್ಲಿ ಎಲೆ ವ್ಯಾಪಾರದ ಮನೆ. ತೋಟದವರಿಂದ ಎಲೆ ಕೊಂಡು, ಪಡಸಾಲೆಯಲ್ಲಿ ಕೂತು ಆರಿಸಿ, ಕಟ್ಟು ಕಟ್ಟಿ, ಹಸಿ ಗೋಣಿತಟ್ಟು ಸುತ್ತಿ ಹಾನಗಲ್ಲು, ಹಿರೇಕೆರೂರಿನ ಅಂಗಡಿಗಳಿಗೆ ಕಳಿಸುತ್ತಿದ್ದೆವು. ಅತ್ತೆ ಆರಿಸಿದ ಕಟ್ಟನ್ನು ಯಾವ ಅಂಗಡಿಯವರೂ ಬಿಚ್ಚಿ ನೋಡುತ್ತಿರಲಿಲ್ಲ. ನನಗೆ ಕೆಲಸ ಕಲಿಸುವಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು:

“ಎಲಿ ಅಂದ್ರ ಮನಷ್ಯಾನ ಮಾರಿ ಇದ್ದಂಗವಾ. ಎರಡೂ ಕಡಿ ನೋಡಿ ಮಾತಾಡ್ಬೇಕು.”

ಅವರು ನನಗೆ ಗಂಡನ ತಾಯಿಯಷ್ಟೇ ಅಲ್ಲ, ಸ್ವಂತ ಸೋದರತ್ತೆ, ನಮ್ಮಪ್ಪನ ಅಕ್ಕ. ನಮ್ಮ ಕಡೆ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ಅವರು ಹಂಸಭಾವಿಯ ತವರಿಗೆ ಬಂದಾಗಲೆಲ್ಲ ಅವರ ತೊಡೆಯೇರಿ ಕೂತು, “ಅತ್ತಿ, ನೀ ನನಗೇನ ತಂದಿ?” ಎಂದು ಸೆರಗು ಜಗ್ಗಿದವಳು ನಾನು. ಮದುವೆಯ ಅಕ್ಕಿಕಾಳು ಬಿದ್ದ ದಿನವೇ ನಮ್ಮವ್ವ ಕಿವಿಯಲ್ಲಿ ಹೇಳಿದಳು: “ಇನ್ನ ಮ್ಯಾಲೆ ಅತ್ತಿಗೆ ‘ರೀ’ ಹಚ್ಚಿ ಮಾತಾಡು.” ಹಚ್ಚಿದೆ. ಆ ‘ರೀ’ಯ ಜೊತೆಗೇ ಹೆದರಿಕೆಯೂ ಬಂತು. ಮೊದಲೇ ನಾನು ಹುಟ್ಟಾ ಪುಕ್ಕಲು. ಕುಕ್ಕರಿನ ಸೀಟಿಗೆ ಬೆಚ್ಚುವವಳು, ಹಲ್ಲಿ ಲೊಚಗುಟ್ಟಿದರೆ ಕೈಯಲ್ಲಿದ್ದದ್ದನ್ನು ಕೆಳಗೆ ಹಾಕುವವಳು.

ಕೆಲವು ಮಧ್ಯಾಹ್ನಗಳಲ್ಲಿ ಅತ್ತೆ ಬುಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಒಳಕೋಣೆಗೆ ಹೋಗಿಬಿಡುತ್ತಿದ್ದರು. ಕಿಟಕಿ ಮುಚ್ಚಿ, ತಲೆಗೆ ಬಿಳಿ ಅರಿವೆ ಬಿಗಿದು, ಹಣೆಯ ಮೇಲೆ ಔಡಲೆಣ್ಣೆ ಸವರಿದ ಎಲೆಯೊಂದನ್ನು ಅಂಟಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುವರು. ಮನೆಯಲ್ಲಿ ಎಲ್ಲರ ಹೆಜ್ಜೆ ಮೆತ್ತಗಾಗುತ್ತಿತ್ತು. ಒಗ್ಗರಣೆಯ ವಾಸನೆ ಮೂಗಿಗೆ ಹೋದರೆ ಅವರಿಗೆ ವಾಂತಿಯಾಗುತ್ತದೆಂದು ಅಂದು ಸಾರಿಗೆ ಒಗ್ಗರಣೆಯೂ ಇಲ್ಲ. ಮನೆಯವರು ಅದನ್ನು ತಲೆಶೂಲೆ ಎನ್ನುತ್ತಿದ್ದರು. ನಾನು ಮಾತ್ರ ಅದು ನನ್ನ ಮೇಲಿನ ಸಿಟ್ಟೇ ಎಂದು ತಿಳಿದು, ಬೆಳಗಿನಿಂದ ಏನೇನು ಕೆಡಿಸಿದೆ ಎಂದು ಲೆಕ್ಕ ಹಾಕುತ್ತ ಒಲೆಯ ಮುಂದೆ ಕೂತಿರುತ್ತಿದ್ದೆ. ಒಂದು ಸಲ ಬಾಗಿಲು ಸರಿಸಿ ಕೇಳಿಯೂಬಿಟ್ಟೆ.

“ಅತ್ತಿರೀ, ನನ್ನಿಂದ ಏನರ ತಪ್ಪಾತೇನ್ರಿ?”

“ಏನೂ ಆಗಿಲ್ಲ. ಬಾಗಲಾ ಹಾಕು, ಬೆಳಕ ಬರಾಕತ್ತೈತಿ.”

ಅವರಿಗೆ ಇನ್ನೊಂದು ರೂಢಿಯಿತ್ತು. ಮನೆಯಲ್ಲಿ ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಕಣ್ಣು ಮುಚ್ಚಿ ನಡೆಯುತ್ತಿದ್ದರು. ಅಡುಗೆಮನೆಯಿಂದ ಬಚ್ಚಲಿಗೆ ಗೋಡೆಯ ಮೇಲೆ ಕೈಯಾಡಿಸುತ್ತ ಹೋಗುವರು. ಕಣ್ಣು ಮುಚ್ಚಿಯೇ ಸುಣ್ಣದ ಡಬ್ಬಿ ಹುಡುಕುವರು. ಎಲೆ ಆರಿಸುವಾಗಲೂ ಎಷ್ಟೋ ಹೊತ್ತು ಕಣ್ಣು ಮುಚ್ಚಿರುತ್ತಿದ್ದರು, ಹೆಬ್ಬೆರಳೊಂದು ಅಂಚಿನಗುಂಟ ಓಡುತ್ತಿತ್ತು. “ನಿಮ್ಮವ್ವ ನಿದ್ದಿಗಣ್ಣಾಗ ಅಡ್ಡಾಡ್ತಾರ” ಎಂದು ನಾನು ಗಂಡನಿಗೆ ಹೇಳಿದೆ. ಅವರು ನಕ್ಕರು.

ನಮ್ಮ ಅಜ್ಜಿಗೆ, ಎಂದರೆ ಅತ್ತೆಯ ತಾಯಿಗೆ, ಕೊನೆಗಾಲಕ್ಕೆ ಎರಡೂ ಕಣ್ಣು ಹೋಗಿದ್ದವು. ಅವಳು ಹಂಸಭಾವಿಯ ಮನೆಯಲ್ಲಿ ಗೋಡೆ ತಡವುತ್ತ ಬಂದು, ನನ್ನ ಮುಖ ಮುಟ್ಟಿ, ಯಾವ ಮೊಮ್ಮಗಳೆಂದು ಹೇಳುತ್ತಿದ್ದದ್ದು ನನಗೆ ನೆನಪಿದೆ. ಆ ಬೆರಳುಗಳೆಂದರೆ ನನಗೆ ಭಯ. ಹರೆಯದಲ್ಲಿ ಅವಳಿಗೂ ತಲೆಶೂಲೆ ಬರುತ್ತಿತ್ತಂತೆ, ಬರುವ ಮುಂಚೆ ಕಣ್ಣ ಮುಂದೆ ಬೆಳಕಿನ ಗೆರೆಗಳು ಕುಣಿಯುತ್ತಿದ್ದವಂತೆ. ಆ ಗೆರೆಗಳೇ ಕಣ್ಣು ತಿಂದವು ಎಂಬುದು ನಮ್ಮ ಮನೆತನದಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಯಾರೂ ಅವಳನ್ನು ಡಾಕ್ಟರಿಗೆ ತೋರಿಸಿರಲಿಲ್ಲ. ಒಪ್ಪಿಕೊಂಡ ಮೇಲೆ ತೋರಿಸುವುದೇನು?

ಮದುವೆಯಾದ ಮರುವರ್ಷ, ಮಳೆ ಹಿಂದೆ ಸರಿದ ದಿನಗಳು. ಬೆಳಿಗ್ಗೆ ನಾನೊಬ್ಬಳೇ ಪಡಸಾಲೆಯಲ್ಲಿ ಎಲೆ ಆರಿಸುತ್ತಿದ್ದೆ. ಕೈಗೆ ಬಂದ ಒಂದು ಎಲೆಗೆ ಬಲಗಡೆಯ ಅರ್ಧ ಇರಲಿಲ್ಲ. ಎಡಕ್ಕೆ ಒಗೆದೆ. ಮುಂದಿನದಕ್ಕೂ ಇರಲಿಲ್ಲ, ಅದನ್ನೂ ಒಗೆದೆ. ಇವತ್ತು ಎಂಥ ಹರಕು ಮಾಲು ಕಳಿಸಿದ್ದಾರೆ ಎಂದು ತೋಟದವರನ್ನು ಮನಸ್ಸಿನಲ್ಲೇ ಬೈಯುತ್ತ ಒಗೆಯುತ್ತಲೇ ಹೋದೆ. ಎಡಗಡೆಯ ರಾಶಿ ಬೆಳೆಯಿತು. ಅಷ್ಟರಲ್ಲಿ ಎಲೆ ಕಾಣದ ಜಾಗದ ಅಂಚಿನಲ್ಲಿ ಏನೋ ಮಿಣಮಿಣ ಎನ್ನತೊಡಗಿತು. ಬಿಸಿಲಿಗೆ ಹಿಡಿದ ಕುಡಗೋಲಿನ ಹಲ್ಲುಗಳ ಹಾಗೆ ಅಂಕುಡೊಂಕಾದ ಬೆಳಕು. ಅದು ಬಾಗುತ್ತ, ದೊಡ್ಡದಾಗುತ್ತ ಹೊರಟಿತು. ತಲೆಯೆತ್ತಿದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಬಸವಣ್ಣನ ಮುಖ ಅರ್ಧವೇ ಇತ್ತು. ನನ್ನ ಕೈಯನ್ನೇ ಮುಂದೆ ಹಿಡಿದುಕೊಂಡೆ, ಎಲ್ಲ ಬೆರಳು ಕಾಣಲಿಲ್ಲ.

ಗೋಡೆ ತಡವುವ ಅಜ್ಜಿಯ ಕೈ ಕಣ್ಣಿಗೆ ಕಟ್ಟಿತು. ಕುರುಡಿ ಸೊಸೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಂಸಭಾವಿಗೆ ವಾಪಸು ಕಳಿಸುತ್ತಾರೆ, ಅಲ್ಲಿ ಅದೇ ಗೋಡೆ, ಅದೇ ಮೂಲೆ. ಕೈ ನಿಲ್ಲಿಸಿದರೆ ಯಾರಾದರೂ ಕೇಳುತ್ತಾರೆಂದು ಎಲೆ ಎತ್ತುತ್ತಲೇ ಇದ್ದೆ, ಒಗೆಯುತ್ತಲೇ ಇದ್ದೆ.

ಅತ್ತೆ ಹಿತ್ತಲಿನಿಂದ ಬಂದವರು ನನ್ನ ಎಡಗಡೆಯ ರಾಶಿ ನೋಡಿ ನಿಂತರು. ಬಗ್ಗಿ ಒಂದು ಎಲೆ ಎತ್ತಿ ಹೆಬ್ಬೆರಳು ಓಡಿಸಿದರು. ಇಡೀ ಎಲೆ. ಇನ್ನೊಂದು ಎತ್ತಿದರು. ಅದೂ ಇಡೀ. ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಅತ್ತೆ ಬೈಯಲಿಲ್ಲ. ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಸಣ್ಣ ದನಿಯಲ್ಲಿ ಕೇಳಿದರು:

“ಯಾವ ಕಡಿ ಅರ್ಧ ಕಾಣವಲ್ದು?”

ನನಗೆ ಅಳು ಬಂದುಬಿಟ್ಟಿತು. “ಬಲಗಡಿ. ಅತ್ತಿ, ನನ್ನ ಕಣ್ಣ ಹೋಗಾಕತ್ತಾವು. ನೀ ಯಾರಿಗೂ ಹೇಳಬ್ಯಾಡ.” ‘ರೀ’ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅವರು ಎಲೆಯ ವಾಸನೆಯ ತಮ್ಮ ಅಂಗೈಯಿಂದ ನನ್ನ ಒಂದು ಕಣ್ಣು ಮುಚ್ಚಿದರು. “ಈಗ?”

“ಹಂಗ ಐತಿ.”

ಇನ್ನೊಂದು ಮುಚ್ಚಿದರು. “ಈಗ?”

“ಹಂಗ ಐತಿ.”

“ಎರಡೂ ಕಣ್ಣಾಗ ಐತಿ” ಎಂದರು. ಒಂದಾದರೂ ಉಳಿದೀತೇನೋ ಎಂಬ ಆಸೆಯಿಂದ ಅವರು ಮುಚ್ಚಿ ನೋಡಿದ್ದರು.

ಬೆಳಕಿನ ಕುಡಗೋಲು ಬಲಗಡೆಯ ಅಂಚಿಗೆ ಸರಿದು ಮಾಯವಾಯಿತು, ಎಲ್ಲವೂ ಮೊದಲಿನಂತೆ ಕಂಡಿತು. ಉಸಿರು ಬಿಟ್ಟೆ ಅನ್ನುವಷ್ಟರಲ್ಲಿ ಎಡಗಡೆಯ ಅರ್ಧ ತಲೆಗೆ ನೋವು ಬಂದು ಕೂತಿತು. ಅತ್ತೆ ನನ್ನನ್ನು ತಮ್ಮ ಒಳಕೋಣೆಗೆ ಕರೆದೊಯ್ದು, ತಮ್ಮದೇ ಬಿಳಿ ಅರಿವೆ ನನ್ನ ತಲೆಗೆ ಬಿಗಿದು, ಪಕ್ಕದಲ್ಲಿ ತಾವೂ ಅಡ್ಡಾದರು. ಆ ಕತ್ತಲಲ್ಲಿ ಅವರು ಮಾತಾಡಿದಷ್ಟು ಎಂದೂ ಮಾತಾಡಿರಲಿಲ್ಲ.

“ನಾನೂ ಸೊಸಿಯಾಗಿ ಬಂದ ಹೊಸದಾಗಿ ಒಂದ ಬುಟ್ಟಿ ಒಳ್ಳೆ ಎಲಿ ಹರಕ ಅಂತ ಒಗದಿದ್ನಿ. ನಮ್ಮತ್ತಿ ಅಷ್ಟೂ ಆಡಿಗೆ ಹಾಕಿ, ನಾ ಬೇಕಂತ ಮಾಡೇನಿ ಅಂದ್ಲು. ಅವತ್ತಿಂದ ಯಾರಿಗೂ ಹೇಳಿಲ್ಲ ನಾ.”

“ಮತ್ತ ಕಣ್ಣ ಮುಚ್ಚಿ ಅಡ್ಡಾಡ್ತೀರಲ್ರಿ?”

“ಕಲಿಯಾಕತ್ತೇನವಾ. ನಮ್ಮವ್ವ ಕಲೀಲಿಲ್ಲ, ಎಲ್ಲಾರಿಗೂ ಭಾರ ಆದ್ಲು. ನನ್ನ ಕಣ್ಣ ಹೋದ ಮ್ಯಾಲೂ ಎಲಿ ಆರಿಸ್ಬೇಕು, ಕೂತ ಉಣ್ಣಬಾರದು.”

ನಾನು ನಿದ್ದೆಗಣ್ಣು ಎಂದು ನಗಾಡಿದ್ದು ಈ ತಾಲೀಮನ್ನು. ಅವರು ವರ್ಷವರ್ಷವೂ ಹುಲಗೂರು ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತಿಹಾ ಓದಿಸಿಕೊಂಡು ಬರುತ್ತಿದ್ದದ್ದೂ ಕಣ್ಣಿಗಾಗಿಯೇ ಎಂದು ಆಗ ತಿಳಿಯಿತು. ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

“ಹೋದ್ರ ಅವರು ಹೌದು ಅಂತಾರ” ಎಂದರು. ನನ್ನ ತಲೆಯ ಅರಿವೆ ಸರಿಮಾಡುತ್ತ, “ನಿನ್ನ ಹಟ ಮಾಡಿ ಕೇಳಿ ತಂದಾಕಿ ನಾನು. ನಮ್ಮವ್ವನ ಕಣ್ಣ ತಂದು ನಿನಗೂ ಕಟ್ಟಿದ್ನೇನೋ ಅನ್ನಿಸಾಕತ್ತೈತಿ. ನನಗಷ್ಟ ಆಗಿದ್ರ ಹೋಗ್ತಿದ್ದಿಲ್ಲ. ನಾಳೆ ಹುಬ್ಬಳ್ಳಿಗೆ ಹೋಗೂಣು” ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದರು. ಶಿಗ್ಗಾವಿ ದಾಟುವವರೆಗೂ ಅವರು ಆಡಿದ್ದು ಒಂದೇ ಮಾತು: “ಹೊರಗ ನೋಡ್ಕೋ.” ಗೋವಿನಜೋಳದ ಹೊಲ, ನೀರು ನಿಂತ ಹೊಂಡ, ದನ ಅಟ್ಟಿಕೊಂಡು ಹೊರಟ ಹೆಂಗಸು, ಎಲ್ಲವನ್ನೂ ಇನ್ನೊಮ್ಮೆ ಸಿಗಲಿಕ್ಕಿಲ್ಲ ಎಂಬಂತೆ ಇಬ್ಬರೂ ನೋಡಿದೆವು. ಅಷ್ಟು ಹೆದರಿಕೊಂಡು ನಾನು ಯಾವ ಹೊಲವನ್ನೂ ನೋಡಿಲ್ಲ.

ಕಣ್ಣಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಇಬ್ಬರ ಕಣ್ಣಿಗೂ ಹನಿ ಹಾಕಿ, ದೀಪ ಬಿಟ್ಟು ನೋಡಿ, ನಡೆದದ್ದನ್ನೆಲ್ಲ ಕೇಳಿ, ಎಲೆಯ ಮಾತಿಗೆ ಬಂದಾಗ ಬರೆಯುವುದನ್ನು ನಿಲ್ಲಿಸಿದರು.

“ಒಂದ ಕಣ್ಣ ಮುಚ್ಚಿದ್ರೂ ಹಂಗ, ಇನ್ನೊಂದ ಮುಚ್ಚಿದ್ರೂ ಹಂಗ, ಹೌದಿಲ್ರಿ? ಅದ ಸಮಾಧಾನದ ಸುದ್ದಿ. ಬ್ಯಾನಿ ಕಣ್ಣಾಗ ಇಲ್ಲ. ಮೆದುಳಿನ್ಯಾಗ ಒಂದ ತೆರಿ ಎದ್ದು ಸರದು ಹೋಗ್ತದ. ಅದು ಹೋಗೂತನಕ ಆ ಕಡಿ ಕಾಣೂದಿಲ್ಲ, ಆಮ್ಯಾಲೆ ತಲಿ ನೋಯ್ತದ. ಇದು ಮೈಗ್ರೇನ್. ಇದರಿಂದ ಯಾರೂ ಕುರುಡ ಆಗೂದಿಲ್ರಿ.”

ಈ ಅರೆತಲೆನೋವಿನಲ್ಲಿ ಬಗೆಗಳಿವೆ ಎಂದು ಅವರು ಹೇಳಿದರು. ಹೆಚ್ಚಿನವರಿಗೆ ಗೆರೆಯೂ ಇಲ್ಲ ಬೆಳಕೂ ಇಲ್ಲ, ಬರೀ ನೋವು. ಕೆಲವರಿಗೆ ನಮ್ಮ ಹಾಗೆ ಮೊದಲು ಬೆಳಕು, ಆಮೇಲೆ ನೋವು. ವಯಸ್ಸಾದಂತೆ ಕೆಲವರಿಗೆ ಬೆಳಕಷ್ಟೇ ಬಂದು ಹೋಗುತ್ತದೆ, ನೋವು ಬರುವುದಿಲ್ಲ. ಒಂದೇ ಕಣ್ಣಿಗೆ ಬರುವಂಥದ್ದೂ ಒಂದಿದೆ, ಅಪರೂಪ. “ಆದ್ರ ಒಂದ ಕಣ್ಣಿಗೆ ಪರದೆ ಬಿದ್ದಂಗಾದ್ರ ಇದು ಹಳೇದ ಬ್ಯಾನಿ ಅಂತ ಮಲಗಬ್ಯಾಡ್ರಿ. ಬ್ಯಾರೆ ಏನರ ಇರಬಹುದು. ಹೊಂಟ ಬಂದಬಿಡ್ರಿ.”

ಅತ್ತೆ ತಮ್ಮ ತಾಯಿಯ ಬಗ್ಗೆ ಕೇಳಿದರು. ನೋಡದೆ ಹೇಳಲಾಗದು, ಆದರೆ ಪೊರೆ ಬಂದಿರಬಹುದು, ಕಣ್ಣೊಳಗಿನ ಒತ್ತಡ ಏರಿರಬಹುದು, ತಲೆನೋವಿನ ಗೆರೆಗಳಿಂದಂತೂ ಅಲ್ಲ ಎಂದರು ಡಾಕ್ಟರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು ಎಂದೂ ಹೇಳಿದರು.

ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಸವಣೂರಿನ ಬಸ್ಸು ಬಂತು, ಹೋಯಿತು. ನಾನು ಖುಷಿಯಿಂದ ಕುಣಿಯಬೇಕೆಂದಿದ್ದವಳು ಅವರ ಮುಖ ನೋಡಿ ಪಕ್ಕದಲ್ಲಿ ಕೂತೆ. “ನಮ್ಮವ್ವನ್ನ ಯಾರರ ಒಬ್ರು ಬಸ್ ಹತ್ತಿಸಿದ್ರ ಸಾಕಿತ್ತಲ್ಲ” ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತವರಿನ ಮೇಲೆ, ತಮ್ಮ ಮೇಲೆ ಅವರಿಗೆ ಬಂದ ಆ ಸಿಟ್ಟು ಕೊನೆಯವರೆಗೂ ಪೂರ್ತಿ ಇಳಿಯಲಿಲ್ಲ.

ಅಲ್ಲಿಂದ ಮುಂದೆ ಅವರು ಮನೆಯಲ್ಲಿ ಕಣ್ಣು ತೆರೆದು ನಡೆದರು. ನಾನು ಎಲೆ ಕೆಳಗಿಟ್ಟು ಹಣೆ ಹಿಡಿದುಕೊಂಡರೆ, “ಬಂತೇನವಾ ನಿನ್ನ ಕುಡಗೋಲು?” ಎಂದು ಛೇಡಿಸುವರು. ಛೇಡಿಸಿದರೂ ಎದ್ದು ಹೋಗಿ ಕಿಟಕಿ ಮುಚ್ಚಿ ಬರುವರು. ವಯಸ್ಸಾದ ಮೇಲೆ ಅವರಿಗೆ ಡಾಕ್ಟರು ಹೇಳಿದ ಹಾಗೆ ನೋವಿಲ್ಲದೆ ಬೆಳಕಷ್ಟೇ ಬರತೊಡಗಿತು. ಬುಟ್ಟಿಯ ಮುಂದೆ ಕೈಕಟ್ಟಿ ಕೂತು, ಅದು ಹೋದ ಮೇಲೆ ಮತ್ತೆ ಎಲೆಗೆ ಕೈ ಹಾಕುವರು. ನಾನು ಮಾತ್ರ ಪ್ರತಿ ಸಲವೂ ಹೊಸದಾಗಿ ಹೆದರುತ್ತಿದ್ದೆ. ಕುರುಡಾಗುವುದಿಲ್ಲ ಎಂದು ತಿಳಿದಿದ್ದರೂ ಅರ್ಧ ಜಗತ್ತು ಅಳಿಸಿಹೋದಾಗ ಆ ತಿಳಿವಳಿಕೆಯೂ ಅರ್ಧವೇ ಉಳಿಯುತ್ತದೆ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರು.

“ಹಿಂಗ ಮುಚ್ಚಿದ್ರ ಏನೂ ಕಾಣವಲ್ದು. ಇದನ್ನ ಮುಚ್ಚಿದ್ರ ಎಲ್ಲಾ ಕಾಣತೈತಿ” ಎಂದು ಕೈ ಬದಲಿಸಿ ತೋರಿಸಿದರು. “ಬೆಳಕ ಇಲ್ಲ, ಗೆರಿ ಇಲ್ಲ. ಪರದೆ ಬಿದ್ದೈತಿ.”

ಒಂದೇ ಕಣ್ಣು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಲೆ ಆರಿಸಿದೆ. ಗಂಡ ಬಾಡಿಗೆ ಕಾರು ಕರೆಸಿದರು. ಹುಬ್ಬಳ್ಳಿಯ ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಬಿಡಲಿಲ್ಲ. ನಾನು ಅವರ ತುಟಿ ಸೊಟ್ಟಗಾಯಿತೇನೋ, ಕೈ ಸೋತಿತೇನೋ ಎಂದು ನೋಡುತ್ತ, ಮನಸ್ಸಿನಲ್ಲಿ ಹುಲಗೂರು ದರ್ಗಾಕ್ಕೆ ಸಕ್ಕರೆಯ ಹರಕೆ ಹೇಳಿಕೊಂಡೆ.

ಕಣ್ಣಿನ ರಕ್ತನಾಳ ಕಟ್ಟಿಕೊಂಡಿತ್ತು. ಆ ಬಲಗಣ್ಣಿನ ದೃಷ್ಟಿ ಮರಳಲಿಲ್ಲ. ಆದರೆ ಕೂಡಲೇ ಬಂದದ್ದರಿಂದ ಕುತ್ತಿಗೆಯ ನಾಳ ಕಿರಿದಾಗಿದ್ದು ಸಿಕ್ಕಿಬಿತ್ತು. ಬಿಟ್ಟಿದ್ದರೆ ಮುಂದೆ ಲಕ್ವ ಹೊಡೆಯುವ ಸಂಭವವಿತ್ತು ಎಂದು ಡಾಕ್ಟರು ಹೇಳಿ ಅದಕ್ಕೆ ಉಪಚಾರ ಮಾಡಿದರು. ಮನೆಗೆ ಬಂದ ಅತ್ತೆ ಮತ್ತೆ ಪಡಸಾಲೆಯಲ್ಲಿ ಕೂತರು. ಒಂದು ಕಣ್ಣಲ್ಲಿ ಎಲೆ ನೋಡುವರು, ಇನ್ನೊಂದು ಕಣ್ಣಿನ ಕೆಲಸವನ್ನು ಹೆಬ್ಬೆರಳು ಮಾಡುತ್ತಿತ್ತು. ಅಷ್ಟು ವರ್ಷ ಹೆದರಿ ಕಲಿತದ್ದು ಹಾಗೆ ಬಳಕೆಗೆ ಬಂತು. ಅವರ ಕಟ್ಟಿನಲ್ಲಿ ಹರಕು ಎಲೆ ಬಂತೆಂದು ಆಗಲೂ ಯಾರೂ ದೂರಲಿಲ್ಲ.

ಹೋದ ಬೇಸಿಗೆಯಲ್ಲಿ ಹೃದಯ ಸೋತು ಹಾಸಿಗೆ ಹಿಡಿದರು. ಒಂದು ಸಂಜೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ನನ್ನ ಗದ್ದ ಹಿಡಿದು ಬಾಗಿಲ ಬೆಳಕಿನ ಕಡೆ ತಿರುಗಿಸಿದರು. ಆ ಉಗುರು ಕೆನ್ನೆಗೆ ತಾಗಿತು. ಕೆನ್ನೆಯಿಂದ ಹಣೆಗೆ, ಹಣೆಯಿಂದ ಆ ಕಡೆಯ ಕೆನ್ನೆಗೆ ಹೆಬ್ಬೆರಳು ಒಂದು ಸುತ್ತು ಓಡಿಸಿ ಹೇಳಿದರು:

“ನಿನ್ನ ಮಾರಿ ಎರಡೂ ಕಡಿ ಕಾಣಾಕತ್ತೈತಿ ನನಗ.”

“ಹೌದ್ರಿ” ಎಂದೆ. ಮರುದಿನ ಬೆಳಿಗ್ಗೆ ಅವರು ಇರಲಿಲ್ಲ.

ಹದಿನೈದು ದಿನದ ಹಿಂದೆ ಎಲೆ ಆರಿಸುವಾಗ ಮತ್ತೆ ಬಲಗಡೆಯ ಅರ್ಧ ಮಾಯವಾಯಿತು. ಎಂದಿನಂತೆ ಹೆದರಿದೆ. ಎಲೆ ಕೆಳಗಿಟ್ಟು, ಅಂಗೈಯಿಂದ ಒಂದು ಕಣ್ಣು ಮುಚ್ಚಿದೆ, ಆಮೇಲೆ ಇನ್ನೊಂದು. ಎರಡರಲ್ಲೂ ಇತ್ತು. ನನ್ನ ಅಂಗೈಗೂ ಈಗ ಅದೇ ಎಲೆಯ ವಾಸನೆ. ಎದ್ದು ಹೋಗಿ ಕಿಟಕಿ ಮುಚ್ಚಿ, ಅವರ ಬಿಳಿ ಅರಿವೆ ತಲೆಗೆ ಬಿಗಿದುಕೊಂಡು, ಹಾಸಿಗೆಯಲ್ಲಿ ಅವರು ಅಡ್ಡಾಗುತ್ತಿದ್ದ ಕಡೆ ಜಾಗ ಬಿಟ್ಟು ಮಲಗಿದೆ.