ನಿಂಬೆವ್ವನ ಹದಿನೇಳೂವರೆ

ನಿಂಬೆವ್ವನನ್ನು ನೋಡಿದವರೆಲ್ಲ ಕಸ ಗುಡಿಸುವವಳೆಂದೇ ತಿಳಿಯುತ್ತಿದ್ದರು. ತಿಳಿಯಲಿ ಬಿಡಿ, ತಿಳಿಗೇಡಿಗಳು. ಅಫಜಲಪುರದ ಹತ್ತಿರದ ನಮ್ಮ ಖಾಸಗಿ ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಆಯಾ. ಅಲ್ಲೇ ಗುಮಾಸ್ತನಾದ ಜಗದೇವ ನಾನು. ಅವಳದು ಇವತ್ತಿಗೂ ಹಂಗಾಮಿ ನೌಕರಿ, ಅಧ್ಯಕ್ಷರ ಮನಸ್ಸು ಕೆಟ್ಟರೆ ನಾಳೆಯೇ ಇಲ್ಲ. ಗಂಡ ಬಿಟ್ಟ ಮಗಳು, ಇಬ್ಬರು ಮೊಮ್ಮಕ್ಕಳು ಅದನ್ನೇ ನಂಬಿದ್ದಾರೆ.

ಗೊಬ್ಬೂರಿನಿಂದ ಬಂದಾಗ ಅವಳದು ಏಳನೆಯ ತರಗತಿಯ ಓದು. ಆಗ ಕೆಮಿಸ್ಟ್ರಿ ಕಲಿಸುತ್ತಿದ್ದ ದೌಲತರಾಯ ಸರ್ ದ್ರಾವಣ ಮಾಡಿಸಲೆಂದು ಲೆಕ್ಕ ಕಲಿಸಿದರು. ಲೀಟರ್ ನೀರು ಸಾವಿರ ಗ್ರಾಂ, ಹದಿನೆಂಟು ಗ್ರಾಮಿಗೆ ಒಂದು ಮೋಲ್, ಭಾಗಿಸಿದರೆ ಐವತ್ತೈದೂವರೆ.

"ಏನೂ ಬೆರೆಸದ ನೀರಿನಾಗೂ ಇಷ್ಟು ಮೋಲ್ ಇರ್ತಾವೇನ್ರಿ?" ಎಂದು ಕೇಳಿದ್ದಳಂತೆ.

"ಬೆರೆಸದಿದ್ರೇನವ್ವ, ನೀರಿನಾಗ ನೀರು ಇರಂಗಿಲ್ಲೇನು?" ಎಂದಿದ್ದರಂತೆ ಸರ್.

ಅಂದಿನಿಂದ ಯಾವ ಬಾಟಲಿ ಬಂದರೂ ಅದು ಎಷ್ಟು ಮೋಲಾರ್, ಅಂದರೆ ಲೀಟರಿಗೆ ಎಷ್ಟು ಮೋಲ್, ಎಂದು ಬಾಯಲ್ಲೇ ಲೆಕ್ಕ ಹಾಕುವುದು ಅವಳಿಗೊಂದು ಹುಚ್ಚು. ಶುದ್ಧ ಅಸಿಟಿಕ್ ಆಮ್ಲ ಲೀಟರಿಗೆ ಸಾವಿರದೈವತ್ತು ಗ್ರಾಂ, ಮೋಲಿಗೆ ಅರವತ್ತು, ಅಂದರೆ ಹದಿನೇಳೂವರೆ. ಕ್ಯಾಲ್ಕುಲೇಟರ್ ಒತ್ತುವ ಹುಡುಗರಿಗಿಂತ ಮುಂಚೆ ಹೇಳಿ ನಗುತ್ತಿದ್ದಳು.

ದೌಲತರಾಯರು ತೀರಿಕೊಂಡ ಮೇಲೆ ಬಂದವನು ಅಧ್ಯಕ್ಷರ ಅಳಿಯ ಸಂತೋಷಕುಮಾರ. ಕಳೆದ ಜನವರಿಯ ಪ್ರಾಕ್ಟಿಕಲ್‌ಗೆ ಅರ್ಧ ಮೋಲಾರ್ ಆಮ್ಲ ಬೇಕಿತ್ತು.

"ಅರ್ಧ ಆ್ಯಸಿಡ್, ಅರ್ಧ ನೀರು ಹಾಕು" ಎಂದ.

"ಸರ್ರ, ಆ ಬಾಟ್ಲಿ ಹದಿನೇಳೂವರೆ ಅದರಿ. ಅರ್ಧ ನೀರು ಹಾಕಿದ್ರೂ ಎಂಟರ ಮ್ಯಾಲೆ ಉಳಿತದ್ರಿ."

"ಶುದ್ಧ ದ್ರವ ಅಂದ್ರ ಒಂದು ಅಂತ ಪುಸ್ತಕದಾಗ ಅದ. ನನಗ ಪಾಠ ಹೇಳಾಕತ್ತೀ ಏನು? ಸುಮ್ಮ ಕಲಸು."

ಪುಸ್ತಕದಲ್ಲಿದ್ದದ್ದು ಬೇರೆಯೇ ಮಾತು. ಸಮತೋಲನದ ಸೂತ್ರದಲ್ಲಿ ಶುದ್ಧ ದ್ರವದ ಜಾಗಕ್ಕೆ ಒಂದು ಎಂದು ಇಟ್ಟುಕೊಳ್ಳುತ್ತಾರಂತೆ, ಅದು ಮೋಲಾರಿಟಿ ಅಲ್ಲವಂತೆ. ಇದನ್ನು ಆಮೇಲೆ ಬೇರೆ ಊರಿನ ಮಾಸ್ತರರನ್ನು ಕೇಳಿ ತಿಳಿದೆ. ಗುಮಾಸ್ತನಿಗೆ ತಿಳಿಯುವುದು ಈ ಮಹಾನುಭಾವನಿಗೆ ತಿಳಿದಿರಲಿಲ್ಲ!

ನಿಂಬೆವ್ವ ಕಲಸಿದಳು. ನಮ್ಮ ಲ್ಯಾಬಿನಲ್ಲಿ ಪಿಪೆಟ್ಟಿಗೆ ರಬ್ಬರ್ ಬಲ್ಬು ಇಲ್ಲ, ಆ ಗಾಜಿನ ನಳಿಗೆಗೆ ದ್ರಾವಣವನ್ನು ಬಾಯಿಂದಲೇ ಎಳೆಯಬೇಕು. ಇವರ ಮಾತನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿದ್ದ ವಿದ್ಯಾರ್ಥಿನಿ ಗುಲಫಶಾ ಘಾಟು ತಡೆಯದೆ ಮುಖ ತಿರುಗಿಸಿದಳು. "ಉಪ್ಪಿನಕಾಯಿಗೆ ಹಾಕೋ ಸಿರ್ಕಾ ಇದ್ದಂಗ ಅದ, ಎಳಿ" ಎಂದು ಸಂತೋಷಕುಮಾರ ಗದರಿದ. ಸರ್ ಹೇಳಿದ ಮೇಲೆ ಮುಗಿಯಿತು, ಹುಡುಗಿ ಎಳೆದಳು. ಆ ಚೀರಾಟ ಆಫೀಸಿನಲ್ಲಿದ್ದ ನನಗೂ ಕೇಳಿಸಿತು. ನಾಲಿಗೆ, ಗಂಟಲು ಸುಟ್ಟುಹೋಗಿದ್ದವು. ಕಲಬುರಗಿಯ ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದು ಬಂದರೂ ಅವಳಿಗೆ ಮಾತು ಬರಲಿಲ್ಲ.

ಅಧ್ಯಕ್ಷರೇ ವಿಚಾರಣೆಗೆ ಕೂತರು. ಗುಲಫಶಾ ಚೀಟಿ ಬರೆದುಕೊಟ್ಟಿದ್ದಳು: 'ಆ ಬಾಟಲಿ ಹದಿನೇಳೂವರೆ ಎಂದು ನಿಂಬೆಕ್ಕ ಸರ್‌ಗೆ ಮೊದಲೇ ಹೇಳಿದ್ದರು.' ನಿಂಬೆವ್ವ ಹೌದೆಂದರೆ ಅಳಿಯ ಸಿಕ್ಕಿಬೀಳುತ್ತಿದ್ದ. ಇಲ್ಲವೆಂದರೆ ಹುಡುಗಿಯದೇ ಅಜಾಗರೂಕತೆ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು.

ಒಳಗೆ ಹೋಗುವ ಮುಂಚೆ ನಾನು ಅವಳನ್ನು ಪಡಸಾಲೆಯಲ್ಲಿ ತಡೆದೆ. "ಅಕ್ಕಾ, ಗೊತ್ತಿತ್ತು ಅಂದ್ರ ಗೊತ್ತಿದ್ದೂ ಯಾಕ ಕಲಸಿದಿ ಅಂತ ನಿನ್ನನ್ನೇ ಜೇಲಿಗೆ ಕಳಸ್ತಾರ. ಏನೂ ಗೊತ್ತಿಲ್ಲ ಅನ್ನು, ನೌಕರಿ ಉಳಿತದ." ಹೀಗೆ ಹೇಳೆಂದು ನನ್ನನ್ನು ಕಳಿಸಿದವರು ಅಧ್ಯಕ್ಷರೇ. ಥೂ, ನನ್ನ ಜನ್ಮಕ್ಕಿಷ್ಟು!

"ಆ ಕೂಸಿನ ಬಾಯಿ ಹೋಗ್ಯದಲ್ಲೋ ತಮ್ಮಾ" ಎಂದಳು.

"ನಿನ್ನ ಮೊಮ್ಮಕ್ಕಳ ಬಾಯಿ ನೋಡು" ಎಂದೆ.

ಒಳಗೆ ಗುಲಫಶಾ ಬಾಯಿಗೆ ಓಢಣಿ ಕಟ್ಟಿಕೊಂಡು ಅಪ್ಪ ಇಮಾಮಸಾಬನ ಪಕ್ಕ ಕೂತಿದ್ದಳು. ಅಧ್ಯಕ್ಷರು ಚೀಟಿ ಓದಿ ನಕ್ಕರು. "ಈ ಮೋಲಾರಿಟಿ ಲೆಕ್ಕ ನಿನಗ ಬರ್ತದೇನವ್ವ?"

ನಿಂಬೆವ್ವ ಹುಡುಗಿಯತ್ತ ನೋಡಲಿಲ್ಲ. "ಇಲ್ರಿ. ನಾ ಓದಿದಾಕಿ ಅಲ್ರಿ. ನನಗೇನೂ ತಿಳಿಯಂಗಿಲ್ರಿ."

ಗುಲಫಶಾ ತಟ್ಟನೆ ಎದ್ದಳು. ಗಂಟಲಿನಿಂದ ಏನೋ ಸದ್ದು ಬಂತು, ಮಾತು ಬರಲಿಲ್ಲ. ಇಮಾಮಸಾಬ ಅವಳ ಕೈಹಿಡಿದು ಕೂರಿಸಿದ.

ಹೇಳಿಕೆ ಬರೆದು ಮುಗಿಸಿ, ಸಹಿಗೆಂದು ನಾನು ನಿಂಬೆವ್ವನಿಗೆ ಪೆನ್ನು ಕೊಟ್ಟೆ. ಅವಳು ತೆಗೆದುಕೊಂಡಳು.

"ಓದು ಬರದಾಕಿಗೆ ಪೆನ್ನು ಯಾಕೋ ಜಗದೇವ?" ಎಂದರು ಅಧ್ಯಕ್ಷರು.

ನಿಂಬೆವ್ವ ಪೆನ್ನನ್ನು ಮೇಜಿನ ಮೇಲಿಟ್ಟು ಎಡಗೈ ಚಾಚಿದಳು. ನಾನು ಮಸಿಯ ಡಬ್ಬಿ ತೆರೆದು, ಅವಳ ಹೆಬ್ಬೆಟ್ಟು ಹಿಡಿದು, ಕಾಗದದ ಮೇಲೆ ಒತ್ತಿದೆ.