ಯಂಕವ್ವನ ಕೊಸರು ಸುತ್ತು

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಅಂಗಡಿಗಳು ಒಂದಕ್ಕೊಂದು ಆತುಕೊಂಡು ನಿಂತಿವೆ. ಒಂದರಲ್ಲಿ ಮಿರ್ಚಿ ಭಜಿ ಕರಿಯುತ್ತಾರೆ, ಇನ್ನೊಂದರಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾರೆ. ಭಜಿ ಕರಿಯುವವನು ಹುಚ್ಚಪ್ಪ. ತಂತಿ ಸುತ್ತುವವಳು ಅವನ ಹೆಂಡತಿ ಯಂಕವ್ವ. ಹದಿನೆಂಟು ವರ್ಷದ ಹಿಂದೆ ಈ ಏರ್ಪಾಟು ಪೂರಾ ಉಲ್ಟಾ ಇತ್ತು, ಮತ್ತು ಎರಡೂ ಅಂಗಡಿಗಳು ಮುಳುಗುವುದರಲ್ಲಿದ್ದವು.

ಹುಚ್ಚಪ್ಪನಿಗೆ ಮಾತಿನ ಚಟ. ತಂತಿಯ ನಲವತ್ಮೂರನೇ ಸುತ್ತಿನಲ್ಲಿದ್ದಾಗ ಯಾರಾದರೂ "ಆರಾಮೇನ್ರಿ?" ಅಂದರೆ ಸಾಕು, ಆರಾಮಿನಿಂದ ಶುರುವಾಗಿ ಅವರ ಬೀಗರ ಊರಿನ ಮಳೆಯವರೆಗೆ ಹೋಗಿ, ತಿರುಗಿ ಬರುವಾಗ ಎಣಿಕೆ ಮರೆತಿರುತ್ತಿತ್ತು. ಅಂದಾಜಿಗೆ ಐವತ್ತು ಅಂತ ಹಿಡಿದು ಮುಂದೆ ಸುತ್ತುತ್ತಿದ್ದ. ಆ ಮೋಟಾರು ವಾರದಲ್ಲಿ ಹೊಗೆಯಾಡಿ ತಿರುಗಿ ಬರುತ್ತಿತ್ತು. ಅತ್ತ ಭಜಿ ಅಂಗಡಿಯಲ್ಲಿ ಯಂಕವ್ವ ಗಂಡನ ಕೈಯ ಮೇಲೆ ಕಣ್ಣಿಟ್ಟು, ಅವನ ಸುತ್ತುಗಳನ್ನು ತಾನು ಎಣಿಸುತ್ತ ಎಣಿಸುತ್ತ ಭಜಿ ಇದ್ದಿಲು ಮಾಡುತ್ತಿದ್ದಳು. ಒಂದು ದಿನ ಆಕೆಯೇ ಎದ್ದು ಬಂದು, "ಏಳ್ರಿ ಮ್ಯಾಲೆ. ಮಾತಾಡೋರು ಬಾಣಲಿ ಮುಂದ ಕುಂದರ್ರಿ, ಗಿರಾಕಿ ಬರತಾವ," ಅಂದಳು. ಹುಚ್ಚಪ್ಪ ಎದ್ದ. ಅವತ್ತಿನಿಂದ ಭಜಿಯೂ ಉದ್ಧಾರ, ಮೋಟಾರೂ ಉದ್ಧಾರ.

ಯಂಕವ್ವನ ಎಣಿಕೆಯ ಚಂದವೇ ಬೇರೆ. ಅವಳ ತವರಿನವರು ಸಂತೆಯಲ್ಲಿ ಕಾಳು ಅಳೆಯುತ್ತಿದ್ದವರು. ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವಂತಿಲ್ಲ, ಲಾಭ ಅನ್ನಬೇಕು. ಈಕೆಯೂ ತಂತಿ ಸುತ್ತುವಾಗ "ಲಾಭ, ಎರಡ, ಮೂರ" ಅಂತಲೇ ಹೊರಡುತ್ತಾಳೆ. ಎಣಿಕೆ ಮುಗಿದ ಮೇಲೆ ಒಂದು ಸುತ್ತು ಜಾಸ್ತಿ ಹಾಕುತ್ತಾಳೆ, ಕೊಸರು ಅಂತ. ಅಳತೆಯ ಮೇಲೆ ಒಂದು ಹಿಡಿ ಹಾಕದೆ ಗಿರಾಕಿಯನ್ನು ಕಳಿಸುವುದು ಅವಳ ತವರಿನಲ್ಲಿ ಪಾಪ. ಬೋರ್ ಮೋಟಾರಿನ ಒಳಗೆ ಜಾಗ ಧಾರಾಳ, ಒಂದು ಸುತ್ತು ಹೆಚ್ಚಾದರೆ ಅದಕ್ಕೇನೂ ನೋವಿಲ್ಲ. ಹದಿನೆಂಟು ವರ್ಷದಲ್ಲಿ ಯಂಕವ್ವ ಸುತ್ತಿದ ಒಂದೇ ಒಂದು ಮೋಟಾರು ತಿರುಗಿ ಬಂದಿರಲಿಲ್ಲ. ಅವಳ ಕೈಗೆ ಬಂಗಾರದ ಬಿಲ್ವಾರ ಇರಲಿಲ್ಲ, ಇದೊಂದು ಮಾತಿತ್ತು. "ನಂದು ತಿರುಗಿ ಬರಂಗಿಲ್ರಿ" ಅನ್ನುವಾಗ ಅವಳ ಕುತ್ತಿಗೆ ತಾನಾಗಿಯೇ ಎರಡು ಬೆರಳು ಮೇಲೆ ಏರುತ್ತಿತ್ತು.

ಇಂಥವಳ ಅಂಗಡಿ ಮುಂದೆ ಒಂದು ಮಧ್ಯಾಹ್ನ ರಾಜೂರಿನ ಸಿದ್ದಲಿಂಗಗೌಡ ತನ್ನ ನಾಲ್ಕು ಗಾಲಿಯ ಬೈಕು ತಂದು ನಿಲ್ಲಿಸಿದ. ತಂದ ಅಂದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಗೋವಾ ಕಡೆಯ ಯಾವುದೋ ರೆಸಾರ್ಟಿನವರು ಮಾರಿದ ಗಾಡಿ. ಉಬ್ಬಿದ ಗಾಲಿ, ಅಗಲ ಸೀಟು, ಹ್ಯಾಂಡಲ್ಲು ಮಾತ್ರ ಬೈಕಿನದು. ಎರಿ ಮಣ್ಣಿನ ಹೊಲ, ಹಳ್ಳ, ಕಲ್ಲುಗುಡ್ಡ ಎಲ್ಲದರಲ್ಲೂ ನುಗ್ಗುತ್ತದೆ. ಗುಡ್ಡದ ಬುಡದಲ್ಲಿ ಗೌಡನದು ಹನ್ನೆರಡು ಎಕರೆ ಶೇಂಗಾ. ಹೊತ್ತು ಮುಳುಗುತ್ತಲೇ ಕಾಡುಹಂದಿಗಳು ಸಂಸಾರ ಸಮೇತ ಇಳಿದು ಊಟಕ್ಕೆ ಕೂರುತ್ತಿದ್ದವು. ಅವನ್ನು ಬೆದರಿಸಲು ಗೌಡ ಗಾಡಿಗೆ ನಾಲ್ಕು ದೊಡ್ಡ ಎಲ್‌ಇಡಿ ಲೈಟು ಹಾಕಿಸಿದ್ದ. ಮನೆ ಮುಂದೆ ಎಕ್ಸಿಲೇಟರ್ ತಿರುವಿ ನಿಂತರೆ ಹಗಲಿಗೆ ಹಗಲು. ಹೊಲದಲ್ಲಿ ನಿಧಾನ ಹೋಗುವಾಗ ಲೈಟು ಮಬ್ಬಾಗಿ, ಬ್ಯಾಟರಿ ಸತ್ತು, ಗಾಡಿ ಗಪ್ ಅಂತ ನಿಲ್ಲುತ್ತಿತ್ತು. ಹಂದಿಗಳು ಒಂದು ಸಲ ತಲೆಯೆತ್ತಿ ನೋಡಿ ಮತ್ತೆ ಊಟಕ್ಕೆ ಕೂರುತ್ತಿದ್ದವಂತೆ.

"ಎರಡು ಬ್ಯಾಟರಿ ಬದಲಿ ಮಾಡೀನಿ ಯಕ್ಕಾ," ಅಂದ ಗೌಡ. "ಯಾವ ಗ್ಯಾರೇಜಿನಾಗೂ ಬಗೀಹರಿವಲ್ದು. ಹಂದಿ ಮುಂದ ಮರ್ಯಾದಿ ಹೋಗೇತಿ."

ಯಂಕವ್ವ ಸುತ್ತ ಒಂದು ಸಲ ತಿರುಗಿ ನೋಡಿದಳು. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿಸಿದಳು. ಒಳಗೆ ಚಕ್ಕುಲಿಯಷ್ಟು ದೊಡ್ಡ ಕಬ್ಬಿಣದ ಬಳೆ, ಅದರ ಸುತ್ತ ಹದಿನೆಂಟು ಹಲ್ಲು, ಒಂದೊಂದು ಹಲ್ಲಿಗೂ ತಾಮ್ರದ ತಂತಿ. ಅದರ ಹೊರಗೆ ಅಯಸ್ಕಾಂತದ ಗಾಲಿಯೊಂದು ಗರಗರ ತಿರುಗುತ್ತದೆ. ಗಾಡಿಯ ಕರೆಂಟೆಲ್ಲ ಹುಟ್ಟುವುದು ಅಲ್ಲೇ.

"ಬ್ಯಾಟರಿ ಅಂದ್ರ ನೀರು ತುಂಬೋ ಹರವಿ ರೀ ಗೌಡ್ರ," ಅಂದಳು. "ನಳದಾಗ ಸಣ್ಣಗ ನೀರು ಬರಾಕತ್ತಿದ್ರ ಹರವಿ ಬದಲಿ ಮಾಡಿದ್ರ ಏನು ಬಂತು? ನಿಮ್ಮ ಹೊಸ ಲೈಟು ಕೊಡಗಟ್ಟಲೆ ಕುಡಿತಾವ. ನಳಾನ ದೊಡ್ಡದು ಮಾಡಬೇಕು. ಈ ಸಣ್ಣ ತಂತಿ ತಗದು ದಪ್ಪ ತಂತಿ ಸುತ್ತಬೇಕು."

"ಗಾಡಿ ಕೆಲಸ ಎಂದರ ಮಾಡೀರೇನು?"

"ಇಲ್ಲ. ಆದ್ರ ನಂದು ತಿರುಗಿ ಬರಂಗಿಲ್ರಿ."

ನೋಡಿ, ಈ ಮಾತನ್ನು ಅವತ್ತು ಆಡಬಾರದಿತ್ತು. ಬಾಯಿಂದ ಬಿತ್ತು, ಭಜಿ ತಿನ್ನುತ್ತಿದ್ದ ಹತ್ತು ಜನ ಕೇಳಿಸಿಕೊಂಡರು.

ಎರಡು ದಿನ ಸುತ್ತಿದಳು. ವಾರ್ನಿಷ್ ಹಚ್ಚಿ ಒಣಗಿಸಿ ಕೂರಿಸಿದಳು. ಗಾಡಿ ಚಾಲೂ ಆಯಿತು, ಲೈಟು ಹತ್ತಿದವು. ನಿಧಾನ ಓಡಿಸಿದರೂ ಮಬ್ಬಾಗಲಿಲ್ಲ. ಹಾಡಹಗಲೇ ಎದುರಿನ ಗೋಡೆ ಬೆಳ್ಳಗಾಗಿದ್ದು ನೋಡಿ ಹುಚ್ಚಪ್ಪ ಊರಿಗೆಲ್ಲ ಕೇಳುವಂತೆ, "ಅಲಾ ಇಕಿನ! ಇನ್ನ ಸೂರ್ಯಾಂದು ಕೆಟ್ರೂ ಇಲ್ಲೇ ತರ್ರಿ," ಅಂತ ಕೂಗಿದ. ಯಂಕವ್ವನ ಕುತ್ತಿಗೆ ನಾಲ್ಕು ಬೆರಳು ಏರಿತು.

ಐದನೇ ದಿನ ಸಂಜೆ ಗಾಡಿ ತಿರುಗಿ ಬಂತು.

ಅದೂ ಎಂಥ ಹೊತ್ತಿನಲ್ಲಿ! ಬಸ್ಸಿನ ಮಂದಿಯೆಲ್ಲ ಭಜಿಗೆ ಮುಗಿಬಿದ್ದ ಹೊತ್ತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಗೌಡ ಟ್ರ್ಯಾಕ್ಟರಿನಿಂದ ಇಳಿದವನೇ, "ಹೊಲದ ನಡುವ ಕರ್ ಕರ್ ಅಂತು, ಕಮಟು ವಾಸನಿ ಬಂತು, ಕತ್ತಲಾತು. ತಿರುಗಿ ಬರಂಗಿಲ್ಲ ಅಂದಿದ್ರಿ?" ಅಂದ. ಯಾರೋ ಕಿಸಕ್ಕನೆ ನಕ್ಕರು.

ಯಂಕವ್ವ ಮುಚ್ಚಳ ಬಿಚ್ಚಿದಳು. ನೋಡಿದ ಕೂಡಲೇ ತಿಳಿಯಿತು. ಹದಿನೆಂಟೂ ಹಲ್ಲುಗಳ ಮೇಲೆ, ಎಲ್ಲಕ್ಕಿಂತ ಹೊರಗಿನ ಒಂದೊಂದು ಸುತ್ತು ಸವೆದು ತಾಮ್ರ ಹೊಳೆಯುತ್ತಿತ್ತು. ಅದೇ ಕೊಸರು. ದಪ್ಪ ತಂತಿ, ಇಕ್ಕಟ್ಟು ಜಾಗ. ಹೆಚ್ಚಿನ ಒಂದು ಸುತ್ತಿಗೆ ಹೊಟ್ಟೆ ಉಬ್ಬಿ, ಅಯಸ್ಕಾಂತದ ಗಾಲಿಗೆ ಉಜ್ಜಿ ಉಜ್ಜಿ ಸುಟ್ಟುಹೋಗಿತ್ತು. ಎಣಿಸುವಾಗ ತಲೆ ಹೇಳಿದ್ದು ಸರಿಯಿತ್ತು, ಕೈ ಮಾತ್ರ ತವರಿಗೆ ಹೋಗಿತ್ತು.

ಹುಚ್ಚಪ್ಪ ಬಾಣಲೆ ಬಿಟ್ಟು ಓಡಿ ಬಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಲೈಟು ಡುಪ್ಲಿಕೇಟ್ ಅದಾವ ಅನ್ನು. ಅದನ್ನ ಯಾರು ನೋಡಾಕ ಹೊಂಟಾರ? ಹದಿನೆಂಟು ವರ್ಷದ ಮಾತು, ಯಂಕಿ."

ಒಂದು ಕ್ಷಣ ಯಂಕವ್ವನಿಗೂ ಹಾಗೇ ಅನ್ನಬೇಕು ಅನ್ನಿಸಿತು. ಖರೇ ಹೇಳಬೇಕೆಂದರೆ ಬಹಳ ಅನ್ನಿಸಿತು. ಗೌಡನಿಗೆ ಒಳಗಿನದು ತಿಳಿಯುವುದಿಲ್ಲ. ಲೈಟು ಬದಲಿಸಿಕೊಂಡು ಬನ್ನಿ ಅಂದರೆ ನಂಬಿ ಹೋಗುತ್ತಾನೆ. ಆಮೇಲೆ ಗುಟ್ಟಾಗಿ ಸರಿಮಾಡಿ ಕೊಟ್ಟರೆ ಮಾತು ಮಾತಾಗಿಯೇ ಉಳಿಯುತ್ತದೆ. ಆದರೆ ಆ ಹೊಳೆಯುವ ತಾಮ್ರ ಅವಳನ್ನೇ ದಿಟ್ಟಿಸುತ್ತಿತ್ತು.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ. ಸುಮ್ಕಿರ್ರಿ," ಅಂತ ಗಂಡನಿಗೆ ಅಂದು, ಎದ್ದು ನಿಂತು, ಭಜಿ ತಿನ್ನುವವರಿಗೂ ಕೇಳುವಂತೆ ಹೇಳಿದಳು. "ಗೌಡ್ರ, ತಪ್ಪು ನಂದು. ಲೈಟಿಂದಲ್ಲ, ಬ್ಯಾಟರಿದಲ್ಲ, ನಿಮ್ದೂ ಅಲ್ಲ. ಒಂದೊಂದು ಸುತ್ತು ಜಾಸ್ತಿ ಹಾಕೀನಿ, ಅದು ಉಜ್ಜಿ ಸುಟ್ಟೈತಿ. ಬಿಟ್ಟು ಹೋದ್ರ ಮತ್ತ ಸುತ್ತತೀನಿ. ಬ್ಯಾಡಾಂದ್ರ ಹುಬ್ಬಳ್ಳಿಗೆ ಒಯ್ರಿ, ನಾ ಬ್ಯಾಸರ ಮಾಡ್ಕೊಳ್ಳಾಂಗಿಲ್ಲ."

ಕೊನೆಯ ಮಾತು ಶುದ್ಧ ಸುಳ್ಳು. ಆದರೆ ಅಷ್ಟು ಸುಳ್ಳಿಗೆ ಯಾರಿಗಾದರೂ ಹಕ್ಕಿದೆ.

ಗೌಡ ಕಕ್ಕಾಬಿಕ್ಕಿಯಾದ. ರಾಜೂರಿನಿಂದ ಇಲ್ಲಿಯವರೆಗೆ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದ. ಈಗ ಅವನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ತಲೆ ಕೆರೆದುಕೊಂಡ. "ಮತ್ತ... ಸುತ್ತಿಬಿಡ್ರಿ ಯಕ್ಕಾ," ಅಂದ. "ಭಜಿ ಬಿಸಿ ಅದಾವೇನು?"

ಈ ಸಲ ಹುಚ್ಚಪ್ಪ ಎರಡು ದಿನ ಮಾತೇ ಆಡಲಿಲ್ಲ. ಗಿರಾಕಿ "ಆರಾಮೇನ್ರಿ?" ಅಂದರೆ ತುಟಿಯ ಮೇಲೆ ಬೆರಳಿಟ್ಟು ಪಕ್ಕಕ್ಕೆ ಕಣ್ಣು ಮಾಡುತ್ತಿದ್ದ. ಅವನ ಮದುವೆಯಾದಂದಿನಿಂದ ಇಂಥ ತಪಸ್ಸು ಆಗಿರಲಿಲ್ಲ. ಯಂಕವ್ವ ಒಂದೊಂದು ಹಲ್ಲಿನ ಎಣಿಕೆ ಮುಗಿಯುತ್ತಲೇ ಎಡಗೈಯಿಂದ ಬಲಗೈ ಹಿಡಿದುಕೊಳ್ಳುತ್ತಿದ್ದಳು. ಹದಿನೆಂಟು ಸಲ ಹಿಡಿದಳು. ಹದಿನೆಂಟು ಸಲವೂ ಕೈ, ಇಷ್ಟೇ ಕೊಟ್ಟು ಕಳಿಸುತ್ತೀಯಾ, ಜಿಪುಣಿ, ಅಂತ ಬೈದ ಹಾಗಾಯಿತು.

ಗಾಡಿ ಹೋಯಿತು. ಐದನೇ ದಿನ ಯಂಕವ್ವ ಟ್ರ್ಯಾಕ್ಟರಿನ ಸದ್ದಿಗೆಲ್ಲ ಬೆಚ್ಚಿಬಿದ್ದಳು. ಯಾರೂ ಬರಲಿಲ್ಲ. ಹತ್ತನೇ ದಿನ ಗೌಡ ಮೊಬೈಲಿಗೆ ವಿಡಿಯೋ ಕಳಿಸಿದ. ನಾಲ್ಕು ಲೈಟಿನ ಬೆಳಕು ಶೇಂಗಾ ಸಾಲಿನ ಮೇಲೆ ಮೆಲ್ಲಗೆ ಹರಿದು ಹೋಗುತ್ತದೆ, ಹಂದಿಗಳು ಮರಿಗಳನ್ನು ಮುಂದೆ ಮಾಡಿಕೊಂಡು ಗುಡ್ಡ ಏರುತ್ತವೆ. ಹುಚ್ಚಪ್ಪ ಅದನ್ನು ಒಂದೊಂದು ತಟ್ಟೆ ಭಜಿಯ ಜೊತೆ ಒಂದೊಂದು ಸಲ ತೋರಿಸಿದ. ಯಂಕವ್ವ ನಗಲಿಲ್ಲ. ಗಾಡಿ ಗೆದ್ದಿತ್ತು, ಅವಳ ಮಾತು ಸೋತಿತ್ತು. ಅಷ್ಟು ಜನರ ಮುಂದೆ ತಪ್ಪು ಒಪ್ಪಿದ ಕೈಗೆ ಇನ್ನು ಯಾರು ಮೋಟಾರು ಕೊಡುತ್ತಾರೆ? ಆ ವಾರ ಗಿರಾಕಿಯೂ ಕಡಿಮೆಯೇ ಇತ್ತು. ಇದು ತಪ್ಪು ಒಪ್ಪಿದ್ದರ ಫಲವೇ ಅಂದುಕೊಂಡು ಒಳಗೊಳಗೇ ಕೊರಗಿದಳು.

ಸೋಮವಾರ ಬೆಳಿಗ್ಗೆ ಸೂಡಿಯ ಈಶಪ್ಪನೆಂಬ ಮುದುಕ ಗೂಡ್ಸ್ ಆಟೋದಲ್ಲಿ ಮೋಟಾರು ಹಾಕಿಕೊಂಡು ಬಂದು, ಅವಳ ಮುಂದೆಯೇ ನಿಂತ. ಮೈಯೆಲ್ಲ ಧೂಳು, ಮುಖದ ತುಂಬ ಸಿಟ್ಟು.

"ಮೂರು ಸಲ ಸುಟ್ಟೈತ್ರಿ," ಅಂದ. "ಸುತ್ತಿದಾವ ಕರೆಂಟಿಂದು ತಪ್ಪು ಅಂತಾನ. ಕರೆಂಟಿನಾವ ಬೋರಿಂದು ತಪ್ಪು ಅಂತಾನ. ಬೋರ್ ಕೊರದಾವ ಭೂಮಿತಾಯಿದು ತಪ್ಪು ಅಂತಾನ. ರಾಜೂರ ಗೌಡ ಹೇಳಿದ, ಗಜೇಂದ್ರಗಡದಾಗ ತನ್ನ ತಪ್ಪು ತಾನ ಹೇಳೋ ಒಬ್ಬಾಕಿ ಹೆಣ್ಮಗಳು ಅದಾಳ, ಹುಡುಕ್ಕೊಂಡು ಹೋಗು ಅಂತ. ಯಾರ್ರಿ ಅಕಿ?"

ಯಂಕವ್ವನಿಗೆ ಮೊದಲು ಮುಖ ಸಣ್ಣದಾಯಿತು. ಆಮೇಲೆ ಮುದುಕ ಆ ಮಾತನ್ನು ಎಂಥ ನಂಬಿಕೆಯ ದನಿಯಲ್ಲಿ ಹೇಳಿದ ಅನ್ನುವುದು ಕಿವಿಗೆ ಇಳಿಯಿತು. ಸೆರಗಿನಲ್ಲಿ ಕೈ ಒರೆಸಿಕೊಂಡಳು. ಕಣ್ಣು ಒರೆಸಿಕೊಂಡಳು ಅಂತ ಹುಚ್ಚಪ್ಪ ಇವತ್ತಿಗೂ ಹೇಳುತ್ತಾನೆ, ಅವನ ಮಾತು ಬಿಡಿ.

"ನಾನ ರೀ ಅಕಿ," ಅಂದಳು. "ಇಳಸ್ರಿ ಮೋಟಾರ."